ಎರಡು ಗೆರಿ ನಡುವ

ಮೊದಲನೇ ಸಲ ಬಂದ ಕಡ್ಡಿ ಸುಳ್ಳು ಹೇಳ್ತದ
ಅಂತ ಜಿಲಾನಿ ಉಸ್ತಾದ್ ಕಲಿಸಿದ್ದು.
ತಗಿ, ಒರಸು, ಮತ್ತ ಒಳಗ ಬಿಡು,
ತಳ ಮುಟ್ಟಿದ್ದು ಕೈಗೆ ತಿಳೀಲಿ,
ಆಮ್ಯಾಲ ತಗದು ನೋಡು.
ಒರಸಲಿಕ್ಕ ಹಳೇ ಬನೀನು. ಹತ್ತಿ ಬ್ಯಾಡ,
ಹತ್ತಿ ಎಳಿ ಬಿಡ್ತದ.

ಚಿದ್ರಿ ರೋಡಿನ ಅವರ ಶೆಡ್ಡಿನೊಳಗ
ನೆಲ ಸಪಾಟ ಇರೋದು ಒಂದೇ ಜಾಗ.
ಅಲ್ಲಿ ನಾಕು ಗಾಲಿಗೆ ನಾಕು ಸುಣ್ಣದ ಗುರುತು.
ಗಾಡಿ ಎಪ್ಪತ್ತೊಂದರದು, ಕೆಂಪು, ಎರಡೇ ಸೀಟು,
ಕೂತರ ರಸ್ತಾ ಕುಂಡಿಗೆ ಹತ್ತಿದಂಗ.
ವಿಮಾನ ಹಾರಸೋದು ಕಲಿಸ್ತಿದ್ದ ಸಾಹೇಬ್ರು
ಬೀದರ ಬಿಟ್ಟು ಬದಲಿಯಾಗಿ ಹೋಗೋ ಮುಂಜಾನಿ
ಕೀಲಿಕೈ ನನ್ನ ಟೇಬಲ್ ಮ್ಯಾಲಿಟ್ಟು ಅಂದ್ರು:
"ಪೆಟ್ರೋಲ್ ಮರೆತರೆ ನಿಲ್ಲುತ್ತೆ ಮೇಡಂ, ಅಷ್ಟೇ.
ಆಯಿಲ್ ಮರೆತರೆ ಸಾಯುತ್ತೆ."

ಪಾಲಿಟೆಕ್ನಿಕ್ಕಿನ್ಯಾಗ ಡ್ರಾಯಿಂಗ್ ಕಲಿಸೋಳು ನಾ.
ಪಿ.ಎಫ್. ಮುರಿದು ತಗೊಂಡಿದ್ದೆ.
ಸ್ಟಾಫ್ ರೂಮು ನಕ್ಕಿತು.
ಇನ್ನೊಂದು ಸೀಟು ಯಾರಿಗೆ, ಅಂತ ಕೇಳಿತು.
ಟೂಲ್ ಡಬ್ಬಿಗೆ, ಅಂದ್ರು ಉಸ್ತಾದ್.

ಬ್ಯಾರೆ ಗಾಡಿ ತಿಂಗಳಿಗೊಮ್ಮೆ ನೋಡಿದರ ನಡೀತದ.
ಇದು ಕುಡುಕ.
ಹುಮನಾಬಾದಕ್ಕ ಹೋಗಿ ಬಂದರ ಕೂದಲೆಳಿಯಷ್ಟು,
ಭಾಲ್ಕಿ ತನಕ ಜೋರ ಹೊಡದರ ಅರ್ಧ ಬೆರಳು,
ಬ್ಯಾಸಗಿಯೊಳಗ ಕೇಳಬ್ಯಾಡ್ರಿ.
ಅದಕ್ಕೇ ಒಂದು ವಹಿ ಇಟ್ಟೀವಿ.
ನಾ ಮುಂದಿನಿಂದ ಬರೀತೀನಿ, ಕನ್ನಡದಾಗ:
ತಾರೀಖು, ಮೀಟರು, ಎಷ್ಟು ಹಾಕಿದೆ.
ಅವರು ಹಿಂದಿನಿಂದ, ಉರ್ದುವಿನಾಗ.
ಅವರಿಗೆ ಅದೇ ಮುಂದು.

ಅವರ ತಮ್ಮ ಬಿದರಿ ಕೆಲಸದವ.
ಕೋಟೆ ಮಣ್ಣಿನಾಗ ಹೂಜಿ ಕಪ್ಪು ಮಾಡಿ
ಎಣ್ಣಿ ಹಚ್ಚಿ ತಿಕ್ಕಿದರ
ಬೆಳ್ಳಿ ಎಳಿಯಷ್ಟೇ ಬೆಳ್ಳಗ ಉಳೀತದ.
"ಅವನ ಕಪ್ಪು ದಿಲ್ಲಿ ತನಕ ಮಾರತದ," ಅಂತಾರ ಉಸ್ತಾದ್,
"ನನ್ನದು ಉಗುರು ಬಿಟ್ಟು ಏಳಂಗಿಲ್ಲ."

ಹೋದ ಮಳಿಗಾಲದಿಂದ ಅವರ ಕಣ್ಣಿಗೆ ಮೋತಿ.
ಕಡ್ಡಿ ಬೆಳಕಿಗೆ ಹಿಡಿದರೂ ಗೆರಿ ಕಾಣಂಗಿಲ್ಲ.
"ಎಷ್ಟದ?" ಅಂತಾರ. ನಾ ಹೇಳ್ತೀನಿ. ಬರಕೋತಾರ.
ಅಕ್ಷರ ಸಾಲು ಬಿಟ್ಟು ಕೆಳಗ ಇಳೀತಾವ.

ಶ್ರಾವಣದ ಒಂದು ಸೋಮವಾರ
ಕಡ್ಡಿ ತುಂಬಿ ಬಂತು,
ಮ್ಯಾಲಿನ ಗೆರಿ ದಾಟಿ ಜೋಳದ ಕಾಳಿನಷ್ಟು.
ಮೂರು ವಾರದಿಂದ ಒಂದು ಹನಿ ಹಾಕಿರಲಿಲ್ಲ.
ಕುಡಿಯೋದು ಬಿಟ್ಟದ ಉಸ್ತಾದ್, ಅಂದೆ,
ಏರ್ಯಾದ ನೋಡ್ರಿ!

ಅವರು ನಗಲಿಲ್ಲ. ಕೈ ಚಾಚಿದ್ರು.
ಕಡ್ಡಿ ಮೂಗಿನ ಹತ್ರ ಒಯ್ದು
ಹನಿ ಎರಡು ಬೆರಳಾಗ ಹಿಡದು
ಕಿವಿ ಹತ್ರ ತಂದು ತಿಕ್ಕಿದ್ರು.
ತೆಳ್ಳಗಿದ್ದರ ಸಪ್ಪಳ ಬ್ಯಾರೆ ಅಂತ.

"ಎಣ್ಣಿ ತಾನಾಗೇ ಏರಂಗಿಲ್ಲ ಮೇಡಮ್ಮ.
ಪಂಪಿನ ಚಕ್ಕಳ ಹರದದ,
ಪೆಟ್ರೋಲ್ ಒಳಗ ಇಳೀಲಿಕ್ಕತ್ತದ.
ಕಡಿಮಿ ಆದರ ಮಂದಿ ಹೆದರ್ತಾರ,
ಏರಿದರ ಪೇಢಾ ಹಂಚ್ತಾರ.
ಏರಿದ್ದಕ್ಕೂ ಜರಾ ವಾಸನಿ ನೋಡ್ರಿ."

ನನ್ನ ಇಪ್ಪತ್ತೆರಡು ವರ್ಷದ ನೌಕರಿಯೊಳಗ
ಏರಿದ್ದು ಏನೇನು ಅಂತ
ಅವತ್ತು ರಾತ್ರಿ ಸುಮ್ಮನ ಲೆಕ್ಕ ಹಾಕಿದೆ.
ಅದು ಬ್ಯಾರೆ ಮಾತು.

ಎಣ್ಣಿ ಪೂರಾ ಇಳಿಸಿದೆವು.
ಸಾರಿನಂಗ ತಸಲಿಗಿ ಬಿತ್ತು, ಘಮ್ಮಂತ ಪೆಟ್ರೋಲು.
ಹೊಸ ಚಕ್ಕಳ ಹೈದರಾಬಾದಿನಿಂದ ಬರಲಿಕ್ಕ ಆರು ದಿನ.
ಏಳನೇ ದಿನ ಹೊಸ ಎಣ್ಣಿ ಸುರಿದು,
ಒಂದು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ,
ಹತ್ತು ನಿಮಿಷ ಕಾದ್ವಿ.
ಮ್ಯಾಲಿದ್ದದ್ದೆಲ್ಲಾ ಕೆಳಗ ಇಳೀಬೇಕಲ್ಲ.

"ಕಣ್ಣಿನ ಆಪರೇಶನ್ ಯಾವಾಗ?" ಕೇಳಿದೆ.
"ಇನ್ನೂ ಹಣ್ಣಾಗಲಿ ಅಂದಾನ ಡಾಕ್ಟರು."
ಚಾ ಬಸಿಗಿ ಬಗ್ಗಿಸಿಕೊಂಡ್ರು,
ಒಂದು ಹನಿ ಚೆಲ್ಲಲಿಲ್ಲ.

ವಹಿ ತೊಡಿ ಮ್ಯಾಲಿತ್ತು.
ಅವರ ಬರಹ ಮುಗಿದಲ್ಲಿಂದ
ನನ್ನದು ಮುಗಿದಲ್ಲಿಗೆ
ಹನ್ನೊಂದು ಹಾಳಿ ಖಾಲಿ.
ಎಣಿಸಿದೆ, ಹೇಳಲಿಲ್ಲ.

"ಆಯ್ತು, ಈಗ ನೋಡ್ರಿ," ಅಂದ್ರು.
ಕಡ್ಡಿ ತಗದೆ.
ಮೊದಲನೇದು ನೋಡದೇ ಒರಸಿದೆ.