ಅಳತಿ ಚೀಟಿ

ದುಂಡವ್ವನಿಂದ ನೂರಾ ಎಂಬತ್ತು ಬರಬೇಕಿತ್ತು,
ಎರಡು ಖಣದ ಕುಬಸದ ಹೊಲಿಗಿ.
ರೊಕ್ಕದ ಬದಲಿ ಸೆರಗಿನ ಗಂಟು ಬಿಚ್ಚಿ
ಒಂದು ಟಮಾಟಿ ಇಟ್ಟಳು ಮಶಿನ್ ಮ್ಯಾಲ.
ಹೆಗಲು ಸೀಳಿದ್ದು, ಮೈತುಂಬ ಮಡಿಕಿ,
ಕುಂಬಳಕಾಯಿ ಹಡೆದ ಕೂಸಿನಂಥಾದ್ದು.
"ತಿನಬ್ಯಾಡ. ಜವಾರಿ ಐತಿ. ಕೊಳಸು."

ಕೊಳಸೂದಂದ್ರ ಹೆಂಗಂತ ಯಾರನ್ನ ಕೇಳಲಿ?
ಹಿಡಿಕಿ ಮುರದ ಚಾದ ಕಪ್ಪಿನ್ಯಾಗ ತಿರುಳು ಹಿಂಡಿ
ಇಸ್ತ್ರಿ ಪೆಟ್ಟಿಗಿ ಹಿಂದ ಮುಚ್ಚಿಟ್ಟೆ.
ಎರಡನೇ ದಿನ ಬಿಳಿ ಕೆನಿ ಕಟ್ಟಿತು.
ಸೀರಿಗೆ ಫಾಲ್ ಹಚ್ಚಸಾಕ ಬಂದ ಮಾಸ್ತರ ಹೆಂಡತಿ
"ಎಲ್ಲೋ ಇಲಿ ಸತ್ತಾವ ನೋಡ್ರಿ" ಅಂದಳು.
ನಾ ತಲಿ ಎತ್ತದ ಗುಂಡಿ ಹಚ್ಚಿದೆ.
ನಾಕನೇ ದಿನ ನೀರು ಬಸಿದರ
ತಳದಾಗ ಕುಂತಿದ್ದವು,
ಚಪ್ಪಟಿ, ಮೈಮ್ಯಾಲ ಬೂದಿಬಣ್ಣದ ನವಿರು,
ಬೆಕ್ಕಿನ ಮರಿ ಕಿವಿಯ ಹಂಗ.

ಒಣಗಸಾಕ ಕೈಗೆ ಸಿಕ್ಕಿದ್ದು ಆಕೀದ ಅಳತಿ ಚೀಟಿ.
ಮರುದಿನಕ್ಕ ಕಾಗದ ಕಚ್ಚಿ ಹಿಡದಿದ್ದವು,
ಉಗುರಿಗೂ ಬರವಲ್ಲವು.
ಕತ್ತರಿ ಇದ್ದಾಕಿಗೆ ಏನು ಚಿಂತಿ?
ಕಾಗದ ಸಮೇತ ಕತ್ತರಿಸಿ
ಹಾಲಿನ ಪಾಕೀಟಿನ ಮಣ್ಣಾಗ ಹುಗಿದೆ:
ಎದಿ ಮೂವತ್ತಾರು ಒಂದರಾಗ,
ತೋಳು ಒಂಬತ್ತು ಇನ್ನೊಂದರಾಗ,
ಬೆನ್ನಿನ ಇಳಿಕಿ ಆರೂವರಿ,
ಕಡೀಕ "ಬಾಕಿ" ಅಂತ ಬರೆದಿದ್ದ ತುಂಡು.

ಎಂಟನೇ ದಿನ ಎದ್ದವು,
ತಲಿಮ್ಯಾಲ ಬೀಜದ ಟೊಪ್ಪಿಗಿ ಇಟಗೊಂಡು
ಗುಡಿಯೊಳಗ ಬಂದ ಪಾವಣ್ಯಾರ ಹಂಗ.
ಎರಡು ಬಂದಲ್ಲಿ ಒಂದನ್ನ ಕೀಳಬೇಕಂತ.
ಕೀಳೂಮುಂದ ಬೆರಳಿಗೆ ಹತ್ತಿದ ಹಸರು
ಯಾರದೋ ಬಿಳಿ ಅಸ್ತರಿಗೂ ಹತ್ತಿತು,
ಹೋಗಲಿಲ್ಲ ಅದು, ಸಾಬೂನಿಗೂ, ಲಿಂಬಿಹಣ್ಣಿಗೂ.
ಹೊಸಾದು ಕೊಂಡು ಕೊಡಬೇಕಾತು.

ಗುಳೇದಗುಡ್ಡದಾಗ ಒಂದು ಗೇಣು ಅಗದರ ಕಲ್ಲು.
ಹಿತ್ತಲದಾಗ ಎಣ್ಣಿ ಡಬ್ಬಿ ಕೂಡ್ರಿಸಿದೆ,
ಬಿದಿರಿನ ಆಸರ ಕೊಟ್ಟು
ಖಣದ ಚಿಂದಿಲೇ ಟೊಂಕ ಕಟ್ಟಿದೆ.
ಓಣ್ಯಾಗ ರೇಶ್ಮಿ ಅಂಚಿನ ಗಿಡ ನಂದೊಂದ.

ತೋಳು ಒಂಬತ್ತು ಹಸ್ತ ಮಳಿಗೆ ಕೊಳತು ಹೋತು.
ಬೆನ್ನಿನ ಇಳಿಕಿ ಕಾಯಿ ಬಿಟ್ಟಿತ್ತು, ಇಣಚಿ ಬಿಡಲಿಲ್ಲ.
ಎದಿ ಮೂವತ್ತಾರು ಎತ್ತರಕ್ಕ ಹೋತು, ಹೂವೇ ಹೂವು,
ಕಾಯಿ ಕಮ್ಮಿ.
ಬಾಕಿ ಮಾತ್ರ ಬೆಳೀತು ನೋಡ್ರಿ.
ಬಾಕಿ ಅಂಬೂದು ಯಾವಾಗಲೂ ಹಂಗ.
ಎಳ್ಳಮಾಸಿಗೆ ಗೊಜ್ಜು ಮಾಡಿದೆ,
ಹುಳಿ ಹಲ್ಲಿನ ಬುಡದಾಗ ಇಳೀತು,
ಸಜ್ಜಿ ರೊಟ್ಟಿ ಎರಡು ಹೆಚ್ಚಿಗಿ ಹೋದವು.
ಎಲ್ಲಾಕ್ಕಿಂತ ಚೊಲೊ ಹಣ್ಣೊಂದು ಮುಟ್ಟಲಿಲ್ಲ.
ಮಗಳು ನುಂಗೂ ಹಂಗ ನೋಡಿದಳು.
ಅದನ್ನ ಕಪ್ಪಿಗೆ ಕೊಟ್ಟೆ.

ಶಿವರಾತ್ರಿ ಮುಂದ ದುಂಡವ್ವ ಬಂದಳು,
ಖಣ ಒಂದು ಬಗಲಾಗ.
"ನನ್ನವು ಎಲ್ಲಾ ಎಲಿ ಮುದುಡಿ ಹೋದವು.
ಕಿತ್ತು ಸುಟ್ಟೆ. ಬೀಜಕ್ಕ ಒಂದು ಹಣ್ಣು ಉಳೀಲಿಲ್ಲ."
ಕೈ ಎತ್ತು ಅಂದೆ, ಟೇಪು ಹಿಡದೆ.
ಮೂವತ್ತೆರಡು.
ಮತ್ತ ಹಿಡದೆ.
"ನಿನ್ನ ಟೇಪು ಜೋತು ಬಿದ್ದೈತಿ" ಅಂದಳು.
ಹೌದೇನೋ ಅಂದೆ.
ಬರಕೊಂಡೆ ಮೂವತ್ತೆರಡು, ಪಕ್ಕಕ್ಕ ಸಣ್ಣದಾಗಿ,
ಒಳಗ ಎರಡೆರಡು ಇಂಚು ಬಟ್ಟಿ ಬಿಡೂದು,
ಮುಂದ ಬಿಚ್ಚಾಕ ಬರೂ ಹಂಗ.

ಬೀಜದ ಪೊಟ್ಟಣ ಅಂಗೈಯಾಗ ಇಟ್ಟೆ.
ಬಿಚ್ಚಿ ನೋಡಲಿಲ್ಲ, ಮೂಗಿಗೆ ಹಿಡದಳು.
"ಕೊಳಸೀದಿ?"
"ಇಲಿ ಸತ್ತಂಗ ನಾರಿತ್ತು."
"ಹಂಗಾರ ಬರ್ತಾವ ತಗಿ."