ಒಳಗೆಳೆದ ಹೌದು

ನಮ್ಮ ನದಿಯ ದಡದಲ್ಲಿ ಹೌದು ಎನ್ನಲು
ಒಂದು ಗುಟುಕು ಗಾಳಿ ಸಾಕು.
ತುಟಿ ಚೂಪು ಮಾಡಿ ಒಳಕ್ಕೆ ಸೆಳೆದರೆ
ಶ್ಶುಪ್.
ಮುಗಿಯಿತು ಮಾತು.
ಬಾಯಿ ತೆರೆದರೆ ಹಲ್ಲು ಜುಮ್ಮೆನ್ನುವ ಬಡಗಣ ಸೀಮೆ,
ಹೀಗೇ ಅಭ್ಯಾಸವಾಯಿತೋ ಏನೋ.

ಗುನ್ವೋರಳದು ಅದರಲ್ಲೂ ಮೆತ್ತಗೆ.
ಊರೊಟ್ಟಿನ ರೊಟ್ಟಿಮನೆಯಲ್ಲಿ
'ಉಪ್ಪು ಇನ್ನೊಂಚೂರು' ಎಂದಳೆಂದರೆ
ಲಟ್ಟಣಿಗೆಗಳು ನಿಲ್ಲುತ್ತಿದ್ದವು,
ಹಿಟ್ಟು ಮೆತ್ತಿದ ಕೈಗಳು ಹಾಗೇ ಗಾಳಿಯಲ್ಲಿ.

ನಾನು ಗರಗಸದ ಮಿಲ್ಲಿನವನು,
ಎಡಗಿವಿಯನ್ನು ಆಗಲೇ ಅದಕ್ಕೆ ಕೊಟ್ಟಿದ್ದೆ.
ಎಲ್ಲರೂ ನನ್ನೊಡನೆ ಕೂಗಿಯೇ ಆಡುತ್ತಿದ್ದರು;
ಕೂಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.
ಅವಳು ಬಲಕ್ಕೆ ಬಂದು ನಿಂತು
ದನಿ ಇನ್ನಷ್ಟು ತಗ್ಗಿಸುತ್ತಿದ್ದಳು.

ಮದುವೆ ಮಾಡಿಸಿದ ಪಾದ್ರಿ ಸ್ಟಾಕ್‌ಹೋಮಿನವನು, ಹೊಸಬ.
'ಇವನನ್ನು ವರಿಸುವೆಯಾ?'
ಅವಳು ಉಸಿರೆಳೆದುಕೊಂಡಳು.
ಬೆಚ್ಚಿದಳೆಂದುಕೊಂಡ. ಕಾದ. ಮತ್ತೆ ಕೇಳಿದ.
ಮತ್ತೆ ಎಳೆದುಕೊಂಡಳು, ಕಿವಿ ಕೆಂಪಗೆ.
ಪುಸ್ತಕದ ಮೇಲೆ ಅವನ ಬೆರಳು
ದಾರಿ ತಪ್ಪಿದ ಮಗುವಿನಂತೆ ನಿಂತಿತು.

ಆಗ ಹಿಂದಿನ ಬೆಂಚಿನಿಂದ ಅವಳ ದೊಡ್ಡಮ್ಮ ರಗ್ನಾ,
ಆಮೇಲೆ ರೊಟ್ಟಿಮನೆಯ ಹೆಂಗಸರು,
ಮಿಲ್ಲಿನವರು, ಅಂಚೆಯವ,
ಕೊನೆಗೆ ಇಡೀ ಇಗರ್ಜಿಯೇ
ಶ್ಶುಪ್.
ಮೇಣದ ಬತ್ತಿಯ ಕುಡಿಗಳೆಲ್ಲ ಬೆಂಚುಗಳತ್ತ ವಾಲಿದವೆಂದು
ಈಗಲೂ ಹೇಳುವವರಿದ್ದಾರೆ. ಸುಳ್ಳಿರಬೇಕು.
ನಾನು ಬತ್ತಿ ನೋಡಲಿಲ್ಲ.

ಅವಳ ಕೊರಳ ಗುಳಿ ನೋಡುತ್ತಿದ್ದೆ.
ಶಾಸ್ತ್ರದ ಪ್ರಕಾರ ಎಡಕ್ಕೆ ನಿಂತಿದ್ದಳು,
ಕೇಳದ ಕಿವಿಯ ಕಡೆ.
ಮೊದಲನೆಯ ಸಲವೇ ಅದು ಆಳಕ್ಕೆ ಇಳಿದಿತ್ತು.
ನನಗೆ ಕೇಳಿಸಿತ್ತು.