ಖಾಲಿ ಬಿಡಬೇಕಾದ ಖಾನೆ

ಟೊಂಗ್‌ಯೊಂಗಿನ ಬಂದರಲ್ಲಿ
ಸಿಂಪಿ ಬಿಡಿಸುವ ಷೆಡ್ಡಿಂದ ಬಂದು, ರಬ್ಬರ್ ಬೂಟು ಕಳಚಿ,
ಕೈಯ ವಾಸನೆ ಹೋಗಲೆಂದು ಯೂಜಾ ಸಿಪ್ಪೆ ಉಜ್ಜಿ,
ಚಪ್ಪಲಿ ಗೂಡಿಗೆ ಅಂಟಿಸಿದ ಬಿಲ್ಲೆಗೆ
ಫೋನು ಮುಟ್ಟಿಸುತ್ತೇನೆ.
ಬೀಪ್.
ಸಂಜೆ ಐದು ಹತ್ತು.
ಇಲ್ಲಿಂದ ಆರು ಹತ್ತರವರೆಗೆ
ನಾನು ಸೊಸೆಯಲ್ಲ.

ಸರ್ಕಾರದ ವಿಮೆಯಲ್ಲಿ ಅತ್ತೆ ಗ್ವಿದೊಕ್‌ಗೆ ಮೂರನೇ ದರ್ಜೆ.
ಅಳೆಯಲು ಬಂದ ಹುಡುಗನ ಮುಂದೆ
ಮೂರು ತಿಂಗಳಿಂದ ಏಳದವಳು ಎದ್ದು ನಿಂತು
ಮರಸೇಬು ಸುಲಿದು ಹೆಚ್ಚಿಕೊಟ್ಟಳು,
ನನಗೇನು ಧಾಡಿ ಅನ್ನುವ ಹಾಗೆ.
ಹುಡುಗ ತಿಂದ, ಗುರುತು ಹಾಕಿಕೊಂಡ, ಕೇಳಿದ:
"ಅಜ್ಜಿ, ಇವತ್ತು ಯಾವ ವಾರ?"
"ನೀನು ಬಂದ ವಾರ."
ಅದೊಂದು ಉತ್ತರಕ್ಕೇ ದರ್ಜೆ ಸಿಕ್ಕಿರಬೇಕು.

ದರ್ಜೆಯ ಹಿಂದೆ ಬಂತು
ತಲೆ ಎತ್ತಿ ಇಳಿಸುವ ಬಾಡಿಗೆ ಮಂಚ,
ಪಾಯಿಖಾನೆಯ ಗೋಡೆಗೊಂದು ಹಿಡಿಕೆ,
ಹದಿನೈದು ದಿನಕ್ಕೊಮ್ಮೆ ಸ್ನಾನದ ವ್ಯಾನು
(ನಮ್ಮ ಓಣಿ ಹಿಡಿಸದೆ ಅದು ಮೀನಂಗಡಿಯ ಮುಂದೇ ನಿಲ್ಲುತ್ತದೆ,
ಅತ್ತೆ ರಾಣಿಯ ಹಾಗೆ ಗಾಲಿಕುರ್ಚಿಯಲ್ಲಿ ಹೋಗುತ್ತಾಳೆ)
ಆಮೇಲೆ ನಾನು.
ನಾನೂ ಆ ಪಟ್ಟಿಯ ಒಂದು ಸಾಲು.
ಐವತ್ತೆಂಟಕ್ಕೆ ಪರೀಕ್ಷೆ ಬರೆದು ಸರ್ಟಿಫಿಕೇಟು ತಂದೆ.
ಇದೇ ಮನೆಯಲ್ಲಿ, ಇದೇ ಕೋಣೆಯಲ್ಲಿ
ದಿನಕ್ಕೊಂದು ಗಂಟೆ, ತಿಂಗಳಿಗೆ ಇಪ್ಪತ್ತು ದಿನ, ಸಂಬಳ.
ಉಳಿದ ಹತ್ತು ದಿನ, ಕಾಗದದ ಮೇಲೆ,
ಅತ್ತೆಗೆ ಕಾಯಿಲೆಯೇ ಇಲ್ಲ.
ಫೆಬ್ರವರಿಯಲ್ಲಿ ಎಂಟೇ ದಿನ.

ಮೂವತ್ತೊಂದು ವರ್ಷ ಆಕೆ ನನ್ನನ್ನು ಕರೆದದ್ದು "ಏ" ಅಂತ.
ಉಪ್ಪು ಹೆಚ್ಚಾದರೆ ಏ.
ನನ್ನ ಗಂಡ, ಅವಳ ಮಗ, ಸತ್ತ ದಿನವೂ
"ಏ, ಬಂದವರಿಗೆ ಸೂಪು ಬಡಿಸು."
ಈ ಬೀಪಿನ ನಂತರ ಮಾತ್ರ
ಎರಡೂ ಕೈ ಮಡಿಲಲ್ಲಿ ಜೋಡಿಸಿ ಕೂತು
"ಬನ್ನಿ ಟೀಚರ್, ಇಂಥ ಗಾಳಿಯಲ್ಲಿ ಬಂದಿರಲ್ಲ" ಎನ್ನುತ್ತಾಳೆ.
ಬನ್ನಿ.
ಅಷ್ಟು ದೊಡ್ಡ ಬಹುವಚನದೊಳಗೆ
ಒಬ್ಬಳೇ ಹೋಗಿ ನಿಲ್ಲುತ್ತೇನೆ.

ಬಾಯಿ ತೊಳೆಸಿದ್ದು: ಆರು ನಿಮಿಷ.
ಡೈಪರು, ಮಗ್ಗುಲು ಬದಲು, ಬೆನ್ನಿಗೆ ಪೌಡರು: ಹದಿನಾಲ್ಕು.
ಗಂಜಿ: ಇಪ್ಪತ್ತು, ಒಮ್ಮೊಮ್ಮೆ ಇಪ್ಪತ್ತೈದು,
ನುಂಗಲು ಮರೆತು ಕೆನ್ನೆಯಲ್ಲಿಟ್ಟುಕೊಂಡ ತುತ್ತಿಗೆ
ಕಾಯಬೇಕು.
ಮಾತುಕತೆ, ಸಾಂತ್ವನ ಅಂತ ಇನ್ನೊಂದು ಖಾನೆ ಇದೆ.
ಕೇಂದ್ರದ ಚೊಂಗಿಮ್ ಮೊದಲೇ ಹೇಳಿದ್ದಾಳೆ:
ಮನೆಯವರಾದರೆ ಅದನ್ನು ಖಾಲಿ ಬಿಡಿ.
ಅದಕ್ಕೆ ದುಡ್ಡಿಲ್ಲ.

ಮೊನ್ನೆ ತಲೆ ಬಾಚುವಾಗ ದನಿ ತಗ್ಗಿಸಿದಳು.
"ಟೀಚರ್, ನನಗೊಬ್ಬಳು ಸೊಸೆ.
ನಾಲಿಗೆ ಉದ್ದ, ಅಡುಗೆ ಬರೀ ಉಪ್ಪು.
ಆದರೆ ಸಿಂಪಿಗೆ ಅವಳು ಚಾಕು ಹಾಕುವುದನ್ನು ನೋಡಬೇಕು ನೀವು,
ಒಂದು ಎಳೆ ಹರಿಯುವುದಿಲ್ಲ.
ನಲವತ್ತು ವರ್ಷ ಬಿಡಿಸಿದೆ, ನನಗೆ ಆ ಕೈ ಬರಲಿಲ್ಲ.
ಅವಳಿಗೆ ಹೇಳಿಬಿಡಬೇಡಿ,
ತಲೆ ಮೇಲೆ ಹತ್ತಿ ಕೂರುತ್ತಾಳೆ."

ಬಾಚಣಿಗೆ ಅರ್ಧ ಜಡೆಯಲ್ಲೇ ಉಳಿಯಿತು.
"ಹೆಸರೇನು ಅವಳದು?" ಕೇಳಿದೆ.
ಹುಡುಕಿದಳು. ಕಿಟಕಿಯಲ್ಲಿ, ಹೊದಿಕೆಯ ಅಂಚಿನಲ್ಲಿ,
ನನ್ನ ಮುಖದಲ್ಲಿ ಕೂಡ.
"ಕರೆದರೆ ಬರುತ್ತಾಳೆ," ಅಂದಳು ಕೊನೆಗೆ,
"ಹೆಸರು ಯಾಕೆ?"

ಆರು ಹತ್ತು ದಾಟಿತು. ಆರೂವರೆ.
ಹೊರಗೆ ಕೊನೆಯ ದೋಣಿ ಎಂಜಿನ್ ಆರಿಸಿತು.
ಬಿಲ್ಲೆಯ ಹತ್ತಿರ ಹೋಗಲು ಕಾಲೇಳಲಿಲ್ಲ.
ಆರು ನಲವತ್ತಕ್ಕೆ ಮುಟ್ಟಿಸಿದೆ. ಫೋನು ಕೇಳಿತು:
ತಡವಾದ ಕಾರಣ ಆರಿಸಿ.
ಮರೆವು. ಬ್ಯಾಟರಿ. ಇತರೆ.
ಇತರೆ.

ಬೀಪ್.

"ಏ!" ಒಳಗಿಂದ.
"ಆ ಟೀಚರಮ್ಮ ಬಂದಿದ್ದರಲ್ಲ,
ಬರಿಹೊಟ್ಟೆಯಲ್ಲಿ ಕಳಿಸಿದೆಯೋ ಹೇಗೆ?"
"ಇಲ್ಲ, ತಿಂದು ಹೋದರು" ಅಂದೆ.
ಪಾತ್ರೆಯ ತಳದಲ್ಲಿ ಉಳಿದ ಗಂಜಿಯನ್ನು
ನಿಂತಲ್ಲೇ ಕೆರೆದು ತಿಂದೆ.
ಉಪ್ಪು ಹೆಚ್ಚಾಗಿತ್ತು.